ಗಿರಣಿ ಅಂದರೆ ನಿಮ್ಮೂರಲ್ಲಿ ಏನು? ಹಿಟ್ಟೋ, ಬಟ್ಟೆಯೋ?

ಹುಬ್ಬಳ್ಳಿ_ಮಿರ್ಚಿ
ಒಂದು ವಾರದಿಂದ ಈ ಪ್ರಶ್ನೆ ತಲೆ ಕೊರೆಯುತ್ತಿದೆ. ನಾನು ಹುಬ್ಬಳ್ಳಿಯವನು, ಈಗ ಇರುವುದು ಬೆಂಗಳೂರು. ರಜೆಗೆ ಊರಿಗೆ ಹೋಗಿದ್ದೆವು. ಆಟೋದವರು ಯಾರಿಗೋ ಫೋನಿನಲ್ಲಿ "ಗಿರಣಿ ಚಾಳದಾಗ ಅದೀನಿ" ಎಂದರು. ಮಗಳು ತಟ್ಟನೆ "ಅಪ್ಪಾ, ಅಲ್ಲಿ ಎಲ್ಲರ ಮನೆಯಲ್ಲೂ ಹಿಟ್ಟು ಬೀಸುತ್ತಾರಾ?" ಎಂದಳು. ಇಲ್ಲ ಪುಟ್ಟಿ, ಅದು ಬಟ್ಟೆ ಗಿರಣಿ, ಅಲ್ಲಿನ ಕೆಲಸಗಾರರ ಸಾಲುಮನೆಗಳು ಅದು ಎಂದೆ. ಅವಳು ಬಿಡಲಿಲ್ಲ. "ಬೆಳಿಗ್ಗೆ ಅಜ್ಜಿ ಗಿರಣಿಗೆ ಹೋಗಿ ಜೋಳ ಹಾಕಿಸಿಕೊಂಡು ಬಾ ಅಂದಳಲ್ಲ, ಅದೇನು ಹಾಗಾದರೆ?"

ಉತ್ತರ ಕೊಡಲು ಆಗಲಿಲ್ಲ. ಚಿಕ್ಕಂದಿನಿಂದ ಎರಡಕ್ಕೂ ಗಿರಣಿ ಎನ್ನುತ್ತಲೇ ಬೆಳೆದವನು ನಾನು, ಒಂದು ದಿನವೂ ಯಾಕೆ ಅಂತ ಯೋಚಿಸಿಲ್ಲ. ಹತ್ತಿಯಿಂದ ನೂಲು ತೆಗೆಯುವುದಕ್ಕೂ ಜೋಳ ಬೀಸುವುದಕ್ಕೂ ಏನು ಸಂಬಂಧ? ನನ್ನ ಹೆಂಡತಿ ಮಂಡ್ಯದವಳು, ಅವಳಿಗೆ ಗಿರಣಿ ಎನ್ನುವ ಪದವೇ ಬಾಯಿಗೆ ಬರುವುದಿಲ್ಲ. ನಿಮ್ಮ ಕಡೆ ಏನೆನ್ನುತ್ತೀರಿ?

ಮದ್ದೂರು_ವಡೆ
ನಮ್ಮ ಕಡೆ ಮಿಷನ್. "ರಾಗಿ ಮಿಷನ್‌ಗೆ ಹಾಕಿಸ್ಕೊಂಡು ಬಾ" ಅಷ್ಟೇ. ಮಿಲ್ ಅಂದರೆ ಭತ್ತ ಅಕ್ಕಿ ಮಾಡುವ ಜಾಗ, ಅದು ದೊಡ್ಡದು, ಲಾರಿ ನಿಲ್ಲುವಂಥದ್ದು. ಮಿಷನ್ ಚಿಕ್ಕದು, ತಲೆ ಮೇಲೆ ಡಬ್ಬ ಹೊತ್ತುಕೊಂಡು ಹೋಗುವುದು. ನಿಮ್ಮ ಹೆಂಡತಿಯವರು ಹೇಳಿದ್ದು ಸರಿ ಸರ್.

ತಿಪಟೂರು_ಎಳನೀರು
ತುಮಕೂರು ಜಿಲ್ಲೆಯಲ್ಲೂ ಮಿಷನ್ನೇ. "ಮಿಷನ್ ಮನೆ" ಅಂತಲೂ ಅನ್ನುತ್ತೇವೆ.

ಕುಂದಾಪುರ_ಕೋಳಿರೊಟ್ಟಿ
ಕರಾವಳಿಯಲ್ಲಿ ಮಿಲ್ಲು ಅಂದರೆ ಅಕ್ಕಿ ಮಿಲ್ಲು ಮಾತ್ರ, ಅದೂ ಕುಚ್ಚಲಕ್ಕಿ. ಹಿಟ್ಟಿನ ಗಿರಣಿಗೆ ಹೋಗುವ ಅಭ್ಯಾಸ ನಮಗೆ ಕಡಿಮೆ. ಅಕ್ಕಿ ನೆನೆಸಿ ಮನೆಯಲ್ಲೇ ಕಡೆಯುವುದು. ಹೌದು, ನಾವು "ಕಡೆಯುವುದು" ಅನ್ನುತ್ತೇವೆ. ಬೆಂಗಳೂರಿನ ಗೆಳತಿಗೆ ದೋಸೆಗೆ ಅಕ್ಕಿ ಕಡೆದಿದ್ದೇನೆ ಎಂದರೆ "ಬೆಣ್ಣೆ ಕಡೆಯೋದಲ್ವಾ?" ಎಂದಳು.

ಪದಬೇಟೆ
ಗಿರಣಿ ನಮಗೆ ಮರಾಠಿ ಕಡೆಯಿಂದ ಬಂದದ್ದು. ಅಲ್ಲಿಯೂ ಇದೇ ಕಥೆ, ಹಿಟ್ಟಿನದೂ ಗಿರಣಿ, ಬಟ್ಟೆಯದೂ ಗಿರಣಿ. ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ ಹುಬ್ಬಳ್ಳಿಯಲ್ಲಿ ಸಿಗುವುದಿಲ್ಲ, ಇನ್ನೂ ಹಿಂದಕ್ಕೆ ಹೋಗಬೇಕು.

ಪರೇಲ್_ಕನ್ನಡಿಗ
ಮುಂಬೈಯಿಂದ ಬರೆಯುತ್ತಿದ್ದೇನೆ. ನಮ್ಮ ಅಜ್ಜ ವಿಜಯಪುರದ ಬರಗಾಲಕ್ಕೆ ಊರು ಬಿಟ್ಟು ಇಲ್ಲಿಗೆ ಬಂದು ಬಟ್ಟೆ ಗಿರಣಿ ಸೇರಿದವರು. ಪರೇಲ್, ಲಾಲ್‌ಬಾಗ್ ಸುತ್ತಮುತ್ತಲಿನ ಇಡೀ ಪ್ರದೇಶಕ್ಕೆ ಗಿರಣ್‌ಗಾಂವ್ ಅಂತಲೇ ಹೆಸರು, ಅಂದರೆ ಗಿರಣಿಗಳ ಊರು. ಇಲ್ಲಿ ಬಟ್ಟೆ ಗಿರಣಿ ಶುರುವಾಗಿದ್ದು 1850ರ ದಶಕದಲ್ಲಿ. 1928ರಲ್ಲಿ ಕಾರ್ಮಿಕರು ಕಟ್ಟಿದ ಸಂಘದ ಹೆಸರು ಗಿರಣಿ ಕಾಮಗಾರ್ ಯೂನಿಯನ್. ಆಮೇಲೆ 1982ರ ಜನವರಿಯಲ್ಲಿ ದತ್ತಾ ಸಾಮಂತ್ ಮುಂದಾಳತ್ವದ ಮುಷ್ಕರ. ಸುಮಾರು 2.5 ಲಕ್ಷ ಜನ ಕೆಲಸ ನಿಲ್ಲಿಸಿದರು, ಬಹಳಷ್ಟು ಮಂದಿ ಮತ್ತೆ ಒಳಗೆ ಕಾಲಿಡಲೇ ಇಲ್ಲ. ನಮ್ಮ ಅಪ್ಪ ಅದರಲ್ಲಿ ಒಬ್ಬರು.

ನಮ್ಮ ಮನೆಯಲ್ಲಿ ಗಿರಣಿ ಅಂದರೆ ಹಿಟ್ಟು ಯಾರ ನೆನಪಿಗೂ ಬರುವುದಿಲ್ಲ. ಭೋಂಗಾ, ಅಂದರೆ ಗಿರಣಿಯ ಸೈರನ್, ನೆನಪಾಗುತ್ತದೆ. ಹಿಟ್ಟಿಗೆ ನಾವು ಚಕ್ಕಿ ಅನ್ನುತ್ತೇವೆ. ಒಂದು ಪದ ಅಷ್ಟು ಜನರ ಬದುಕನ್ನು ಹೊತ್ತುಕೊಂಡ ಮೇಲೆ ಹಿಟ್ಟಿಗೆ ಬೇರೆ ಪದ ಹುಡುಕಬೇಕಾಯಿತು ಅಂತ ನನಗೆ ಅನಿಸುತ್ತದೆ.

ಹುಬ್ಬಳ್ಳಿ_ಮಿರ್ಚಿ
ಅಣ್ಣಾ, ಓದಿ ಮನಸ್ಸು ಭಾರ ಆಯಿತು. ಅಪ್ಪ ಆಮೇಲೆ ಏನು ಮಾಡಿದರು?

ಪರೇಲ್_ಕನ್ನಡಿಗ
ತರಕಾರಿ ಗಾಡಿ. ಹದಿನೆಂಟು ವರ್ಷ.

ಬೆಣ್ಣೆದೋಸೆ_ಭಕ್ತ
ದಾವಣಗೆರೆಯವನಾಗಿ ಮಾತಾಡದೆ ಇರಲು ಆಗುವುದಿಲ್ಲ. ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು, ಅಷ್ಟು ಹತ್ತಿ ಮಿಲ್ಲು. ಈಗ ಮಿಲ್ಲಿಗೆ ಹೋಗುತ್ತೇನೆ ಅಂದರೆ ಮಂಡಕ್ಕಿ ಭಟ್ಟಿಗೋ ಅಕ್ಕಿ ಮಿಲ್ಲಿಗೋ ಅಂತ ಕೇಳುತ್ತಾರೆ. ಮಿಲ್ಲು ಊಟದಿಂದ ಬಟ್ಟೆಗೆ ಹೋಗಿ ಮತ್ತೆ ಊಟಕ್ಕೇ ವಾಪಸ್ ಬಂದಿದೆ ನಮ್ಮಲ್ಲಿ.

ಕಲಬುರಗಿ_ತೊಗರಿ
ನಮ್ಮೂರಲ್ಲಿ ಎಂಎಸ್‌ಕೆ ಮಿಲ್, ಬಟ್ಟೆಯದು. ಯಂತ್ರ ನಿಂತು ಎಷ್ಟೋ ಕಾಲ ಆಯಿತು, ಬಡಾವಣೆಗೆ ಹೆಸರು ಹಾಗೇ ಇದೆ. ಮಿಲ್ಲು ನೋಡದ ಹುಡುಗರೂ ವಿಳಾಸದಲ್ಲಿ ಅದನ್ನೇ ಬರೆಯುತ್ತಾರೆ. ಇನ್ನು ನಮ್ಮಲ್ಲಿ ದಾಲ್ ಮಿಲ್ ಬೇರೆ ಇವೆ, ಅಲ್ಲಿ ಬೀಸುವುದೇ ಇಲ್ಲ, ತೊಗರಿಯ ಸಿಪ್ಪೆ ಬಿಡಿಸಿ ಒಡೆಯುವುದು.

ಬಸವನಗುಡಿ_ಬೆಳಗು
ಬೆಂಗಳೂರೂ ಹಾಗೇ. ಬಿನ್ನಿ ಮಿಲ್ ಇಲ್ಲ, ಬಿನ್ನಿಪೇಟೆ ಇದೆ. ಮಿನರ್ವ ಮಿಲ್ಲೂ ಈಗ ಇಲ್ಲ. ರಾಜಾ ಮಿಲ್ ಇದ್ದ ಜಾಗದಲ್ಲಿ ಮಲ್ಲೇಶ್ವರದ ದೊಡ್ಡ ಮಾಲ್ ಇದೆ. ಕಾನೂನು ಓದುವವರಿಗೆ ಮಿನರ್ವ ಮಿಲ್ಸ್ ಅಂದರೆ ಬಟ್ಟೆ ಅಲ್ಲ, 1980ರ ಸುಪ್ರೀಂ ಕೋರ್ಟ್ ತೀರ್ಪು. ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಮುಟ್ಟುವಂತಿಲ್ಲ ಅಂತ ಮತ್ತೊಮ್ಮೆ ಗಟ್ಟಿಯಾಗಿ ಹೇಳಿದ ತೀರ್ಪು. ಹಿಟ್ಟಿನ ಪದ ಎಲ್ಲಿಗೆ ಹೋಗಿ ಮುಟ್ಟಿತು ನೋಡಿ!

ಜಯನಗರ_9
ಮಿಲ್ಲರ್ಸ್ ರೋಡ್ ಮರೆತಿರಿ. ಅಲ್ಲೂ ಯಾವುದೋ ಮಿಲ್ಲು ಇತ್ತು ತಾನೇ?

ಪದಬೇಟೆ
ಇಲ್ಲ ಸರ್, ಅದು ಮಿಲ್ಲರ್ ಎನ್ನುವ ಮನುಷ್ಯನ ಹೆಸರು. ಆದರೆ ಆ ಮನುಷ್ಯನಿಗೆ ಆ ಹೆಸರು ಬಂದದ್ದು ಅವನ ಹಿಂದಿನವರು ಯಾರೋ ಹಿಟ್ಟಿನ ಮಿಲ್ಲು ನಡೆಸುತ್ತಿದ್ದರಿಂದ. ಸುತ್ತಿ ಬಳಸಿ ನಿಮ್ಮ ಮಾತೂ ಸರಿಯೇ.

ಸ್ಟುಟ್‌ಗಾರ್ಟ್_ಸೀನ
ಇಲ್ಲಿ ನನ್ನ ಆಫೀಸಿನಲ್ಲಿ ಒಂದೇ ಮಹಡಿಯಲ್ಲಿ ನಾಲ್ಕು ಜನ ಮ್ಯೂಲರ್ ಇದ್ದಾರೆ. ಜರ್ಮನಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವ ಮನೆತನದ ಹೆಸರೇ ಅದು. ಅರ್ಥ ಹಿಟ್ಟು ಬೀಸುವವನು ಅಂತ. ಋಗ್ವೇದ ಅಚ್ಚು ಹಾಕಿಸಿದ ಮ್ಯಾಕ್ಸ್ ಮ್ಯೂಲರ್ ಕೂಡ ಅದೇ ಹೆಸರಿನವರು. ಹಂಗೇರಿಯವರಲ್ಲಿ ಮೊಲ್ನಾರ್, ಅದೂ ಅದೇ. ಇಂಗ್ಲಿಷಿನವರ ಮಿಲ್ಲರ್ ಇದ್ದೇ ಇದ್ದಾನೆ, ಕ್ರಿಕೆಟ್ ನೋಡುವವರಿಗೆ ಡೇವಿಡ್ ಮಿಲ್ಲರ್ ಗೊತ್ತು.

ನನಗೆ ಬಂದ ಯೋಚನೆ ಏನೆಂದರೆ, ನಮ್ಮಲ್ಲಿ ಬೆಲ್ಲದ ಇದ್ದಾರೆ, ಉಳ್ಳಾಗಡ್ಡಿ ಇದ್ದಾರೆ, ಮೆಣಸಿನಕಾಯಿ ಇದ್ದಾರೆ, ಗಾಣಿಗೇರ ಇದ್ದಾರೆ. ಕಸುಬಿನಿಂದ, ವ್ಯಾಪಾರದಿಂದ ಬಂದ ಅಡ್ಡಹೆಸರು ಎಷ್ಟು ಬೇಕಾದರೂ ಇವೆ. ಹಿಟ್ಟು ಬೀಸುವವನ ಹೆಸರು ಮಾತ್ರ ಯಾಕೆ ಇಷ್ಟು ಅಪರೂಪ?

ಅಕ್ಷರ_ಅಕ್ಕ
ಸೀನ, ಅದಕ್ಕೆ ಉತ್ತರ ಸುಲಭ. ಇಲ್ಲಿ ಬೀಸುವುದು ಕಸುಬೇ ಆಗಿರಲಿಲ್ಲ. ಪ್ರತಿ ಮನೆಯಲ್ಲೂ ಬೀಸುವ ಕಲ್ಲು ಇತ್ತು. ಬೀಸುತ್ತಿದ್ದವರು ಹೆಂಗಸರು, ಕೋಳಿ ಕೂಗುವ ಮೊದಲೇ ಎದ್ದು. ಕೂಲಿ ಇಲ್ಲ, ಅಂಗಡಿ ಇಲ್ಲ, ಬೋರ್ಡು ಇಲ್ಲ. ಅಡ್ಡಹೆಸರು ಬರುವುದು ಗಂಡಸಿನ ಕಸುಬಿನಿಂದ. ಹೆಂಗಸು ದಿನಾ ಎರಡು ಸೇರು ರಾಗಿ ಬೀಸಿದರೆ ಅದಕ್ಕೆ ಯಾರು ಹೆಸರು ಇಡುತ್ತಾರೆ?

ಇಂಜಿನ್ ಬಂದು, ಗಂಡಸು ಅದರ ಮುಂದೆ ನಿಂತು, ಸೇರಿಗೆ ಇಷ್ಟು ಅಂತ ದುಡ್ಡು ತೆಗೆದುಕೊಳ್ಳಲು ಶುರು ಮಾಡಿದ ಮೇಲೆ ಅದು ಕಸುಬಾಯಿತು. ಆಗ ಪದ ಬೇಕಾಯಿತು. ಇಂಜಿನ್ ಹೊರಗಿನಿಂದ ಬಂದಿತ್ತು, ಪದವೂ ಅದರ ಜೊತೆಗೇ ಬಂತು. ಉತ್ತರಕ್ಕೆ ಗಿರಣಿ, ದಕ್ಷಿಣಕ್ಕೆ ಮಿಷನ್ನು, ಮಿಲ್ಲು. ನಮ್ಮದೇ ಪದ "ಬೀಸು" ಮನೆಯೊಳಗೇ ಉಳಿಯಿತು.

ಸ್ಟುಟ್‌ಗಾರ್ಟ್_ಸೀನ
ಅಕ್ಕಾ, ಇದು ನನಗೆ ಹೊಳೆದೇ ಇರಲಿಲ್ಲ.

ಮೇಷ್ಟ್ರು_ನಿವೃತ್ತ
ಅಕ್ಷರ ಅವರ ಮಾತಿಗೆ ಒಂದು ಸೇರಿಸುತ್ತೇನೆ, ಒಂದು ತಿದ್ದುತ್ತೇನೆ.

ಸೇರಿಸುವುದು ಇದು. ಯುರೋಪಿನಲ್ಲಿ ಮನೆಯಲ್ಲಿ ಕಲ್ಲು ಇಟ್ಟುಕೊಳ್ಳಲು ಎಷ್ಟೋ ಕಡೆ ಬಿಡುತ್ತಿರಲಿಲ್ಲ. ಒಡೆಯನ ಮಿಲ್ಲಿನಲ್ಲೇ ಬೀಸಿಸಬೇಕು, ಕಾಳಿನಲ್ಲಿ ಪಾಲು ಕೊಡಬೇಕು. ಇಂಗ್ಲೆಂಡಿನ ಸೇಂಟ್ ಆಲ್ಬನ್ಸ್ ಮಠದ ಮುಖ್ಯಸ್ಥ 14ನೇ ಶತಮಾನದಲ್ಲಿ ಊರಿನವರ ಕೈಕಲ್ಲುಗಳನ್ನೆಲ್ಲ ಕಿತ್ತುಕೊಂಡು ಮಠದ ನೆಲಕ್ಕೆ ಹಾಸಿಸಿದ. 1381ರಲ್ಲಿ ರೈತರು ದಂಗೆ ಎದ್ದಾಗ ಆ ನೆಲ ಅಗೆದು ಕಲ್ಲು ಒಡೆದು ಚೂರುಗಳನ್ನು ಮನೆಗೆ ಒಯ್ದರು. ಐವತ್ತು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು! ಊರಿಗೊಬ್ಬ ಮಿಲ್ಲಿನವನು, ಎಲ್ಲರೂ ಅವನ ಹತ್ತಿರ ಹೋಗಲೇಬೇಕು. ಅದಕ್ಕೇ ಅಷ್ಟೊಂದು ಮ್ಯೂಲರ್, ಮಿಲ್ಲರ್.

ತಿದ್ದುವುದು ಇದು. "ಕಸುಬೇ ಆಗಿರಲಿಲ್ಲ" ಎನ್ನುವುದು ಪೂರ್ತಿ ಸರಿ ಅಲ್ಲ. 12ನೇ ಶತಮಾನದ ಶರಣೆಯರಲ್ಲಿ ಕೊಟ್ಟಣದ ಸೋಮಮ್ಮ ಇದ್ದಾರೆ. ಕೊಟ್ಟಣ ಅಂದರೆ ಭತ್ತ ಕುಟ್ಟುವ ಕೆಲಸ. ಅದೇ ಅವರ ಕಾಯಕ, ಅದೇ ಅವರ ಹೆಸರು. ಮ್ಯೂಲರ್‌ಗಳ ಜೊತೆ ಇಡಬಹುದಾದ ಹೆಸರು ನಮ್ಮಲ್ಲೂ ಇದೆ, ಅದೂ ಹೆಣ್ಣುಮಗಳದು.

ಅಕ್ಷರ_ಅಕ್ಕ
ಮೇಷ್ಟ್ರೇ, ಒಪ್ಪಿದೆ. ಸೋಮಮ್ಮನನ್ನು ಮರೆತದ್ದು ನನ್ನ ತಪ್ಪು. ಆದರೆ ಅವರು ಕುಟ್ಟುವವರು, ಬೀಸುವವರಲ್ಲ. ಒನಕೆ ಬೇರೆ, ಕಲ್ಲು ಬೇರೆ. ಇನ್ನೊಂದು, ಆ ಹೆಸರು ಮೊಮ್ಮಕ್ಕಳಿಗೆ ಹೋಗಲಿಲ್ಲ. ಮ್ಯೂಲರ್ ಹೋಯಿತು.

ಮೇಷ್ಟ್ರು_ನಿವೃತ್ತ
ಎಂಟುನೂರು ವರ್ಷ ಉಳಿಯಿತಲ್ಲಮ್ಮ, ಮೊಮ್ಮಕ್ಕಳ ಹಂಗು ಯಾಕೆ?

ಔರಂಗಾಬಾದ್_ರಿಟರ್ನ್
ದಖ್ಖನದಲ್ಲಿ ನೀರಿನ ಚಕ್ಕಿಯೂ ಇತ್ತು. ಔರಂಗಾಬಾದಿನ ಪನ್‌ಚಕ್ಕಿ ನೋಡಿ ಬನ್ನಿ. ದೂರದ ಬೆಟ್ಟದಿಂದ ಮಣ್ಣಿನ ಕೊಳವೆಯಲ್ಲಿ ನೀರು ತಂದು ಕಲ್ಲು ತಿರುಗಿಸುತ್ತಿದ್ದರು. ದರ್ಗಾಕ್ಕೆ ಬರುವ ಯಾತ್ರಿಕರಿಗೆ ಹಿಟ್ಟು.

ಪದಬೇಟೆ
ಔರಂಗಾಬಾದ್ ಅವರು ನೀರು ಅಂದರಲ್ಲ, ಹುಬ್ಬಳ್ಳಿಯವರ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಮಿಲ್ ಪದ ಲ್ಯಾಟಿನ್‌ನಿಂದ ಬಂದದ್ದು, ಮೂಲ ಅರ್ಥ ಕಾಳು ಅರೆಯುವುದು. 1086ರಲ್ಲಿ ಇಂಗ್ಲೆಂಡಿನ ರಾಜ ಮಾಡಿಸಿದ ಲೆಕ್ಕದಲ್ಲಿ ಸುಮಾರು 6000 ಮಿಲ್ಲು ಸಿಗುತ್ತವೆ. ಆಮೇಲೆ ಜನ ನೋಡಿದರು, ಹೊಳೆ ಪಕ್ಕ ಚಕ್ರ ಹೇಗೂ ತಿರುಗುತ್ತಿದೆ, ಅದಕ್ಕೆ ಕಲ್ಲಿನ ಬದಲು ದೊಡ್ಡ ಸುತ್ತಿಗೆ ಕಟ್ಟಿದರೆ ಉಣ್ಣೆ ಬಟ್ಟೆ ಬಡಿದು ಗಟ್ಟಿ ಮಾಡಬಹುದು. ಗರಗಸ ಕಟ್ಟಿದರೆ ಮರ ಕೊಯ್ಯಬಹುದು. ಚಿಂದಿ ಕುಟ್ಟಿದರೆ ಕಾಗದ. ಕೆಲಸ ಬದಲಾಯಿತು, ಚಕ್ರ ಬದಲಾಗಲಿಲ್ಲ. ಹೆಸರು ಚಕ್ರಕ್ಕೆ ಅಂಟಿಕೊಂಡಿತು, ಕಾಳಿಗೆ ಅಲ್ಲ.

1771ರಲ್ಲಿ ಕ್ರಾಮ್‌ಫರ್ಡ್ ಎಂಬಲ್ಲಿ ರಿಚರ್ಡ್ ಆರ್ಕ್‌ರೈಟ್ ನೀರಿನ ಬಲದಲ್ಲಿ ಹತ್ತಿ ನೂಲುವ ಕಟ್ಟಡ ಶುರು ಮಾಡಿದ. ಅದಕ್ಕೂ ಮಿಲ್ ಅಂತಲೇ ಕರೆದರು. ಮುಂದೆ ನೀರು ಹೋಗಿ ಹಬೆ ಬಂದರೂ ಹೆಸರು ಹೋಗಲಿಲ್ಲ. ಆ ಇಂಗ್ಲಿಷ್ ಬಟ್ಟೆ ಮಿಲ್ಲು ಮುಂಬೈಗೆ ಬಂದಾಗ ಜನ ಅದನ್ನೂ ಗಿರಣಿ ಅಂತಲೇ ಕರೆದರು, ಅಲ್ಲಿಂದ ನಿಮ್ಮ ಚಾಳಕ್ಕೆ. ಗೋಕಾಕ ಮಿಲ್ಲು ಜಲಪಾತದ ಪಕ್ಕ ಯಾಕಿದೆ ಅಂದುಕೊಂಡಿರಿ? ನೀರಿನ ಬಲಕ್ಕೇ.

ಹುಬ್ಬಳ್ಳಿ_ಮಿರ್ಚಿ
ಹೆಸರು ಚಕ್ರಕ್ಕೆ ಅಂಟಿಕೊಂಡಿತು! ಇದನ್ನು ಮಗಳಿಗೆ ಇವತ್ತೇ ಹೇಳುತ್ತೇನೆ. ಥ್ಯಾಂಕ್ಸ್ ಸರ್.

ರಾಣೆಬೆನ್ನೂರು_ಹತ್ತಿ
ಗಿರಣಿ ಅನ್ನುವುದು ಗರಗರ ಅಂತ ತಿರುಗುವ ಸದ್ದಿನಿಂದ ಬಂದ ಅಚ್ಚ ಕನ್ನಡ ಪದ ಅಂತ ನಮ್ಮ ದೊಡ್ಡಪ್ಪ ಹೇಳುತ್ತಿದ್ದರು.

ಪದಬೇಟೆ
ಕೇಳಲು ಚೆಂದ. ಆದರೆ ಹಾಗಿದ್ದರೆ ಮಂಡ್ಯದಲ್ಲೂ ಗರಗರ ಅನ್ನಬೇಕಿತ್ತಲ್ಲ, ಅಲ್ಲಿ ಯಾಕೆ ಮಿಷನ್? ಮರಾಠಿ ಜೊತೆ ಒಡನಾಟ ಇದ್ದ ಜಿಲ್ಲೆಗಳಲ್ಲೇ ಈ ಪದ ಬೇರು ಬಿಟ್ಟಿದೆ.

ಪೀಣ್ಯ_2ನೇ_ಹಂತ
ನಾನು ಇಪ್ಪತ್ತೆರಡು ವರ್ಷದಿಂದ ಮಿಲ್ಲಿಂಗ್, ಅಂದರೆ ಯಂತ್ರದಲ್ಲಿ ಕಬ್ಬಿಣ ಕೆತ್ತುವ ಕೆಲಸ, ಮಾಡುತ್ತಿದ್ದೇನೆ. ಮೊದಲ ಸಲ ಊರಿಗೆ ಹೋಗಿ ಹೇಳಿದಾಗ ಅಜ್ಜಿ "ಬೆಂಗಳೂರಿಗೆ ಹೋಗಿ ಹಿಟ್ಟಿನ ಮಿಷನ್ ಇಟ್ಟಿದೀಯಾ" ಎಂದು ಕೇಳಿದ್ದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಲೇತ್‌ನಲ್ಲಿ ಕಬ್ಬಿಣದ ಉಂಡೆ ತಿರುಗುತ್ತದೆ, ಉಳಿ ನಿಂತಿರುತ್ತದೆ. ಮಿಲ್ಲಿಂಗ್‌ನಲ್ಲಿ ಉಲ್ಟಾ, ಹಲ್ಲಿರುವ ಕಟ್ಟರ್ ತಿರುಗುತ್ತದೆ, ಕಬ್ಬಿಣ ಬಿಗಿದು ಕೂತಿರುತ್ತದೆ. ಒಂದು ನಿಂತಿರಬೇಕು, ಒಂದು ತಿರುಗಬೇಕು, ಬೀಸುವ ಕಲ್ಲಿನ ಥರವೇ. ನಾನು ಕೆಲಸ ಕಲಿತದ್ದು ಹಳೇ ಎಚ್‌ಎಂಟಿ ಮಿಲ್ಲಿಂಗ್ ಮಷಿನ್ ಮೇಲೆ. ಅಂಥ ಗಟ್ಟಿ ಮಷಿನ್ ಈಗ ಇಲ್ಲ, ಈ ಮಾತಿನಲ್ಲಿ ಯಾರ ಜೊತೆ ಬೇಕಾದರೂ ವಾದ ಮಾಡುತ್ತೇನೆ.

ನಾಣ್ಯದ ಅಂಚಿನಲ್ಲಿ ಗೀರು ಇರುತ್ತದಲ್ಲ, ಅದಕ್ಕೂ ಮಿಲ್ಲಿಂಗ್ ಅನ್ನುತ್ತಾರೆ.

ಭದ್ರಾವತಿ_ಪೇಪರ್‌ಟೌನ್
ನಮ್ಮಲ್ಲಿ ಮಿಲ್ಲು ಅಂದರೆ ಎಂಪಿಎಂ. ಮೈಸೂರು ಕಾಗದ ಕಾರ್ಖಾನೆ, 1936ರಲ್ಲಿ ಶುರುವಾದದ್ದು. ಸೈರನ್ ನಿಂತ ಮೇಲೆ ಊರೇ ಮೌನವಾಯಿತು. ಮೊನ್ನೆ ನನ್ನ ತಮ್ಮನ ಮಗಳು, ಪಿಎಚ್‌ಡಿ ಮಾಡುತ್ತಿದ್ದಾಳೆ, "ಪೇಪರ್ ಮಿಲ್‌ಗಳಿಂದ ನಮ್ಮ ಕ್ಷೇತ್ರ ಹಾಳಾಗುತ್ತಿದೆ" ಎಂದಳು. ನಾನು ನದಿ ನೀರಿನ ವಿಷಯ ಅಂದುಕೊಂಡು ಜಗಳಕ್ಕೇ ಹೋದೆ. ದುಡ್ಡು ಕೊಟ್ಟರೆ ಸುಳ್ಳು ಸಂಶೋಧನಾ ಲೇಖನ ಬರೆದು ಕೊಡುವವರಿಗೆ ಈಗ ಪೇಪರ್ ಮಿಲ್ ಅನ್ನುತ್ತಾರಂತೆ. ಒಂದು ಊರಿಗೆ ಅನ್ನ ಹಾಕಿದ ಹೆಸರು ಮೋಸಗಾರರಿಗೆ ಹೋಗಿದ್ದು ನನಗೆ ಇಷ್ಟವಾಗಲಿಲ್ಲ.

ಕೋಡ್_ಕೊಟ್ರೇಶ
ಕಂಪ್ಯೂಟರಿಗೂ ಇದು ಬಂದಿದೆ. 1830ರ ದಶಕದಲ್ಲಿ ಚಾರ್ಲ್ಸ್ ಬ್ಯಾಬೇಜ್ ಲೆಕ್ಕದ ಯಂತ್ರದ ನಕ್ಷೆ ಬರೆದಾಗ ಅಂಕಿಗಳನ್ನು ಇಡುವ ಭಾಗಕ್ಕೆ ಸ್ಟೋರ್ ಎಂದ, ಲೆಕ್ಕ ಮಾಡುವ ಭಾಗಕ್ಕೆ ಮಿಲ್ ಎಂದ. ಬಟ್ಟೆ ಮಿಲ್ಲುಗಳ ಭಾಷೆಯಿಂದ ತೆಗೆದುಕೊಂಡದ್ದು. ಉಗ್ರಾಣದಿಂದ ಕಾಳು ತಂದು ಬೀಸಿ ಹಿಟ್ಟು ವಾಪಸ್ ಇಟ್ಟ ಹಾಗೆಯೇ. ನಾವು ಇವತ್ತು ಪ್ರೊಸೆಸರ್ ಅನ್ನುವುದು ಅದನ್ನೇ.

ಶಿರಸಿ_ಅಪ್ಪೆಮಿಡಿ
ಮಿಲ್ಲಿಮೀಟರ್, ಮಿಲಿಯನ್?

ಕೋಡ್_ಕೊಟ್ರೇಶ
ಇಲ್ಲ, ಅದು ಸಾವಿರ ಎನ್ನುವ ಬೇರೆ ಪದ. ನೋಡಲು ಮಾತ್ರ ಒಂದೇ ಥರ.

ದಂತವೈದ್ಯೆ_ಗದಗ
ನಾವು ದವಡೆ ಹಲ್ಲಿಗೆ ಮೋಲಾರ್ ಅನ್ನುತ್ತೇವೆ. ಅದು ಅದೇ ಲ್ಯಾಟಿನ್ ಬೀಸುಕಲ್ಲು. ದಿನಕ್ಕೆ ಎಷ್ಟೋ ಸಲ ಹೇಳುವ ಪದ, ಇವತ್ತು ಬೇರೆ ಥರ ಕೇಳಿಸುತ್ತಿದೆ.

ಪದಬೇಟೆ
ಡಾಕ್ಟ್ರೇ, ಆ ಕಲ್ಲಿನಿಂದ ಹುಟ್ಟಿದ ಇನ್ನೊಂದು ಪದ ಇದೆ, ಇಮ್ಮೊಲೇಟ್. ಬಲಿ ಕೊಡುವುದು ಅಂತ ಅರ್ಥ. ರೋಮನ್ನರು ಬಲಿ ಪ್ರಾಣಿಯ ಮೇಲೆ ಉಪ್ಪು ಬೆರೆಸಿದ ಹಿಟ್ಟು ಉದುರಿಸುತ್ತಿದ್ದರು. ಹಿಟ್ಟು ಉದುರಿಸುವುದು ಎನ್ನುವ ಮಾತೇ ಬಲಿಗೆ ಹೆಸರಾಯಿತು. ಪಿಂಚಣಿ ಕಾಗದದಲ್ಲಿ ಇಮಾಲ್ಯುಮೆಂಟ್ಸ್ ಅಂತ ಇರುತ್ತದಲ್ಲ, ಸಂಬಳ ಸವಲತ್ತು, ಅದು ಮೊದಲು ಹಿಟ್ಟು ಬೀಸಿಕೊಟ್ಟವನಿಗೆ ಕೊಡುವ ಕೂಲಿ ಆಗಿತ್ತು ಎಂದು ನಿಘಂಟುಗಳು ಹೇಳುತ್ತವೆ.

ಮೇಷ್ಟ್ರು_ನಿವೃತ್ತ
ಮೂವತ್ತಾರು ವರ್ಷ ಪಾಠ ಮಾಡಿದ್ದರ ಲೆಕ್ಕ ಆ ಪದದ ಕೆಳಗೇ ಬರೆದು ಕೊಟ್ಟಿದ್ದರು. ಇವತ್ತು ಆ ಕಾಗದ ತೆಗೆದು ಮತ್ತೊಮ್ಮೆ ನೋಡುತ್ತೇನೆ.

ಜಿಮ್_ಜಗ್ಗ
ಟ್ರೆಡ್‌ಮಿಲ್ ಯಾರೂ ಹೇಳಲೇ ಇಲ್ಲವಲ್ಲ! ಅಲ್ಲಿ ಏನು ಬೀಸುತ್ತೇವೆ?

ಪದಬೇಟೆ
ನಿಜವಾಗಿಯೂ ಬೀಸುತ್ತಿದ್ದರು ಜಗ್ಗ. 1818ರಲ್ಲಿ ವಿಲಿಯಂ ಕ್ಯೂಬಿಟ್ ಎಂಬ ಇಂಜಿನಿಯರ್ ಇಂಗ್ಲೆಂಡಿನ ಜೈಲಿಗೆ ಮಾಡಿದ ಯಂತ್ರ ಅದು. ದೊಡ್ಡ ಉರುಳೆಗೆ ಮೆಟ್ಟಿಲು. ಕೈದಿಗಳು ಸಾಲಾಗಿ ನಿಂತು ಹತ್ತುತ್ತಲೇ ಇರಬೇಕು, ಉರುಳೆ ಕೆಳಗೆ ಜಾರುತ್ತಲೇ ಇರುತ್ತದೆ. ಕೆಲವು ಜೈಲುಗಳಲ್ಲಿ ಅದರಿಂದ ಗೋಧಿ ಬೀಸಿದರು. ಎಷ್ಟೋ ಕಡೆ ಏನೂ ಬೀಸಲಿಲ್ಲ, ಸುಮ್ನೆ ಶಿಕ್ಷೆ. 1898ರ ಕಾನೂನು ಬಂದ ಮೇಲೆ ನಿಂತಿತು.

ಮದ್ದೂರು_ವಡೆ
ಅದಕ್ಕೇನಾ ನಮ್ಮಲ್ಲಿ ಜೈಲಿಗೆ ಹೋದವನಿಗೆ "ರಾಗಿ ಬೀಸಕ್ಕೆ ಹೋದ" ಅನ್ನೋದು?

ಅಕ್ಷರ_ಅಕ್ಕ
ಅದೇ ಥರದ ಶಿಕ್ಷೆ, ಆದರೆ ಮಾತು ನಮ್ಮದು. ನಮ್ಮ ಜೈಲುಗಳಲ್ಲಿ ಕೈದಿಗಳ ಕೈಯಲ್ಲಿ ಕಲ್ಲು ತಿರುಗಿಸಿ ಬೀಸಿಸುತ್ತಿದ್ದರು. ಒಂದು ಯೋಚನೆ ಮಾಡಿ. ಕೈದಿಗೆ ಕಠಿಣ ಶಿಕ್ಷೆ ಅಂತ ಕೊಟ್ಟ ಕೆಲಸವನ್ನು ಮನೆಮನೆಯಲ್ಲಿ ಹೆಂಗಸರು ದಿನಾ ಮಾಡುತ್ತಿದ್ದರು. ಅದಕ್ಕೆ ಶಿಕ್ಷೆ ಎಂದು ಯಾರೂ ಅನ್ನಲಿಲ್ಲ. ಬೀಸುವ ಪದ ಕಟ್ಟಿ ಹಾಡಿಕೊಂಡರು.

ನಮ್ಮ "ಬೀಸು" ಪದವನ್ನೂ ನೋಡಿ. ಗಾಳಿ ಬೀಸುತ್ತದೆ, ಬಲೆ ಬೀಸುತ್ತಾರೆ, ಚಾಟಿ ಬೀಸುತ್ತಾರೆ, ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು.

ರಾಣೆಬೆನ್ನೂರು_ಹತ್ತಿ
ಹಾಗಾದರೆ ಬೀಸುವ ಕಲ್ಲಿನಿಂದಲೇ ಗಾಳಿಗೆ ಹೋಯಿತಾ ಪದ?

ಅಕ್ಷರ_ಅಕ್ಕ
ಉಲ್ಟಾ. ತಮಿಳಿನಲ್ಲಿ ವೀಸು ಇದೆ, ಅಲ್ಲೂ ಗಾಳಿ ಬೀಸುವುದು, ಬಲೆ ಎಸೆಯುವುದು. ಕೈ ಬೀಸಿ ತಿರುಗಿಸುವುದು ಮೊದಲು, ಹಿಟ್ಟು ಆಮೇಲೆ. ಅಲ್ಲಿ ಮಿಲ್ಲು ಚಕ್ರದ ಹೆಸರಾಯಿತು ಎಂದರಲ್ಲ ಪದಬೇಟೆ, ಇಲ್ಲಿ ಪದ ಇರುವುದು ತೋಳಿನಲ್ಲಿ. ಬೀಸುವುದು ಅಂದರೆ ತೋಳಿನ ಕೆಲಸ.

ಮೇಷ್ಟ್ರು_ನಿವೃತ್ತ
ಭೇಷ್. "ಅರೆದು ಕುಡಿದವನು" ಎನ್ನುವುದನ್ನೂ ಸೇರಿಸಿಕೊಳ್ಳಿ. ವ್ಯಾಕರಣ ಅರೆದು ಕುಡಿದಿದ್ದಾನೆ ಅಂತೀವಲ್ಲ.

ಜಿಮ್_ಜಗ್ಗ
"ಮ್ಯಾಚಲ್ಲಿ ರುಬ್ಬಿಬಿಟ್ರು" ಅನ್ನೋದನ್ನೂ!

ವಿಜಯನಗರ_ಗೃಹಿಣಿ
ವಿಷಯ ಬಿಟ್ಟು ಕೇಳುತ್ತಿದ್ದೇನೆ, ಬೈಯಬೇಡಿ. ಮನೆಗೆ ಚಿಕ್ಕ ಹಿಟ್ಟಿನ ಮಿಷನ್ ತೆಗೆದುಕೊಳ್ಳೋಣ ಅಂತ ಇದ್ದೇನೆ. ರಾಗಿ ನುಣ್ಣಗೆ ಬರುತ್ತದಾ?

ತಿಪಟೂರು_ಎಳನೀರು
ಬರುತ್ತದೆ ಅಕ್ಕ, ಆದರೆ ರಾಗಿ ಚೆನ್ನಾಗಿ ಒಣಗಿರಬೇಕು. ಸ್ವಲ್ಪ ಹಸಿ ಇದ್ದರೂ ಜಾಲರಿ ಕಟ್ಟಿಕೊಳ್ಳುತ್ತದೆ. ಕಲ್ಲಿನ ಮಿಷನ್ ಹಿಟ್ಟಿನ ಮುದ್ದೆ ಮಾತ್ರ ಬೇರೆಯೇ.

ಕಲಬುರಗಿ_ತೊಗರಿ
ಗಿರಣಿಗೇ ಹೋಗಿರಿ. ಜೋಳ ಹಾಕಿಸುವಾಗ ನಿಮಗಿಂತ ಮೊದಲು ಯಾರಾದರೂ ಗೋಧಿ ಹಾಕಿಸಿದ್ದರಾ ನೋಡಿ. ಮೊದಲು ಬೀಳುವ ಹಿಟ್ಟಿನಲ್ಲಿ ಹಿಂದಿನವರದ್ದು ಬೆರೆತಿರುತ್ತದೆ, ಅದನ್ನು ಬೇರೆ ತೆಗೆದಿಡಿ. ರೊಟ್ಟಿ ಬಡಿಯುವವರಿಗೆ ಇದು ಗೊತ್ತು.

ಹುಬ್ಬಳ್ಳಿ_ಮಿರ್ಚಿ
ಎಲ್ಲರಿಗೂ ಮತ್ತೆ ಬಂದೆ. ನಿನ್ನೆ ರಾತ್ರಿ ಮಗಳಿಗೆ ಚಕ್ರದ ಕಥೆ ಹೇಳಿದೆ, ನೀರಿನಿಂದ ಚಾಳದವರೆಗೆ. ಅವಳಿಗೆ ಹಿಡಿಸಿತು. ಆಮೇಲೆ ಅವ್ವನಿಗೆ ಫೋನ್ ಮಾಡಿ ಅಕ್ಷರ ಅಕ್ಕ ಬರೆದದ್ದನ್ನು ಓದಿ ಹೇಳಿದೆ. ಅವ್ವ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಹೇಳಿದಳು. ಅವಳ ತವರಿನಲ್ಲಿ ಇಂಜಿನ್ ಗಿರಣಿ ಬಂದಾಗ ಅವಳಿಗೆ ಹನ್ನೊಂದು ವರ್ಷ. ಅಲ್ಲಿಯವರೆಗೆ ಅವಳೂ ಅವಳ ಅವ್ವನೂ ಎದುರುಬದುರು ಕೂತು ಒಂದೇ ಗೂಟ ಹಿಡಿದು ಬೀಸುತ್ತಿದ್ದರಂತೆ, ಬೆಳಗಿನ ನಾಲ್ಕಕ್ಕೆ. ಗಿರಣಿ ಬಂದ ಮರುದಿನ ಇಬ್ಬರಿಗೂ ನಾಲ್ಕಕ್ಕೇ ಎಚ್ಚರವಾಯಿತು, ಕೆಲಸ ಇರಲಿಲ್ಲ. "ಅವ್ವ ನನ್ನ ಬಾಜು ಮಲಗಿ ತಲಿ ನೇವರಿಸಿದ್ಲು. ಹಂಗ ಮಲಗಿದ್ದು ಅದಕ್ಕಿಂತ ಮೊದಲು ನೆನಪಿಲ್ಲ" ಎಂದಳು.

ಪರೇಲ್_ಕನ್ನಡಿಗ
ಆ ಕಲ್ಲು ಇದೆಯಾ ಈಗ?

ಹುಬ್ಬಳ್ಳಿ_ಮಿರ್ಚಿ
ಇದೆ. ಮೇಲಿನ ಕಲ್ಲು ಮಾತ್ರ. ಮಾಮಾನ ಮನೆ ಹಿತ್ತಲ ಬಾಗಿಲಿಗೆ ಒತ್ತಿಟ್ಟಿದ್ದಾರೆ, ಗೂಟ ಬಿದ್ದುಹೋಗಿದೆ. ದೀಪಾವಳಿಗೆ ಹೋದಾಗ ತರಬೇಕು, ಕಾರಿನ ಡಿಕ್ಕಿಯಲ್ಲಿ ಹಿಡಿಯುತ್ತದೆ.